ಮೂರನೇ ಮಹಡಿ, ಐದನೇ ಮಹಡಿ

ಯಲಹಂಕ
14 ಜೂನ್ 1981

ಪ್ರೀತಿಯ ಜಿಯಾ,

ಸಲಾಂ. ಅಮ್ಮಿಗೆ ನೀನು ಉರ್ದುವಿನಲ್ಲಿ ಬರೆದ ಕಾಗದ ಗುರುವಾರ ಬಂತು. ಎಂದಿನಂತೆ ನಾನೇ ಓದಿ ಹೇಳಿದೆ, ಅಮ್ಮಿ ಎಂದಿನಂತೆ ಮೂರು ಸಲ ಓದಿಸಿದರು. ಮೂರನೆಯ ಸಲ ನಾನು ಬಾಯಿ ತೆರೆಯುವ ಮೊದಲೇ ಮುಂದಿನ ಸಾಲು ಅವರೇ ಹೇಳುತ್ತಿದ್ದರು. ಒಂದಕ್ಷರ ಕಲಿಯದ ಅಮ್ಮಿಗೆ ಇರುವ ಜ್ಞಾಪಕಶಕ್ತಿಯಲ್ಲಿ ಕಾಲುಭಾಗ ನನ್ನ ಏಳನೇ ಕ್ಲಾಸಿನ ಮಕ್ಕಳಿಗೆ ಇದ್ದಿದ್ದರೆ ನನ್ನ ಗಂಟಲಾದರೂ ಉಳಿಯುತ್ತಿತ್ತು.

ನನಗೆ ಬೇರೆಯಾಗಿ ಕನ್ನಡದಲ್ಲಿ ಬರೆದದ್ದು ಶಾಲೆಯ ವಿಳಾಸಕ್ಕೆ ಬಂತು. ಇನ್ನು ಮುಂದೆಯೂ ಅಲ್ಲಿಗೇ ಬರೆ. ಪಕ್ಕದ ಮನೆಯ ಹಬೀಬುಲ್ಲಾ ಮಾಮು ಉರ್ದು ಪೇಪರು ಮುಗಿಸಿದ ಮೇಲೆ ನಮ್ಮ ಮನೆಗೆ ಬಂದ ಕಾಗದಗಳನ್ನೂ ಓದಿ ಮುಗಿಸಬೇಕು ಅನ್ನುವ ಜಾತಿ. ಅಬ್ಬಾ ನಮ್ಮಿಬ್ಬರನ್ನೂ ಕನ್ನಡ ಶಾಲೆಗೆ ಹಾಕಿದ್ದಕ್ಕೆ ಇದೇ ಮಾಮು ಅವರನ್ನು ಬೈದಿದ್ದರಂತೆ. ಈಗ ಮಾಮುವಿಗೆ ಓದಲು ಬಾರದ ಭಾಷೆಯೊಂದು ನಮ್ಮ ಹತ್ತಿರ ಇದೆ. ಆದರೆ ದುಬೈಗೆ ಹೋಗಿ ಎರಡು ವರ್ಷಕ್ಕೇ ನೀನು ಅಲ್ಪಪ್ರಾಣ ಮಹಾಪ್ರಾಣ ಎರಡನ್ನೂ ಸಮುದ್ರಕ್ಕೆ ಎಸೆದಿದ್ದೀಯ, ಕೆಂಪು ಪೆನ್ನು ಹಿಡಿದು ಓದಬೇಕಾಯಿತು.

ಒಂದು ವಿಷಯ ಕೇಳಬೇಕಿತ್ತು. ನಮ್ಮ ಶಾಲೆಯ ಕೃಷ್ಣಮ್ಮ ಟೀಚರ್ ಇದ್ದಾರಲ್ಲ, ಅವರ ದೊಡ್ಡಮ್ಮನ ಮಗಳಿಗೆ ವಿದೇಶ ನೋಡುವ ಆಸೆ. ಜೊತೆಗೆ ಬರುವವರು ಒಬ್ಬರಿದ್ದಾರೆ, ಆದರೆ ಇಬ್ಬರಿಗೂ ಮದುವೆಯಾಗಿಲ್ಲ. ಅಂಥವರಿಗೆ ನಿಮ್ಮ ಕಡೆ ಹೋಟೆಲಿನಲ್ಲಿ ಒಂದೇ ಕೋಣೆ ಕೊಡುತ್ತಾರಾ? ಏನಾದರೂ ತೋರಿಸಬೇಕಾ? ಬೀದಿಯಲ್ಲಿ ಜೊತೆಯಾಗಿ ನಡೆದರೆ ಯಾರಾದರೂ ಏನಾದರೂ ಅನ್ನುತ್ತಾರಾ? ನೀನು ಹೋಟೆಲಿನ ಕೌಂಟರಿನಲ್ಲೇ ನಿಲ್ಲುವವನು, ನಿನಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತು ಎಂದು ಕೃಷ್ಣಮ್ಮ ಪ್ರಾಣ ತಿನ್ನುತ್ತಿದ್ದಾರೆ. ವಿವರವಾಗಿ ಬರೆ.

ನಿನ್ನ ಆಪಾ,
ಜಹೀರಾ


ದುಬೈ
5 ಜುಲೈ 1981

ಆಪಾ,

ಸಲಾಂ. ರಂಜಾನ್ ಶುರುವಾಗಿದೆ. ಹೋಟೆಲಿನ ಊಟದ ಹಾಲಿಗೆ ದಪ್ಪ ಪರದೆ ಇಳಿಬಿಟ್ಟಿದ್ದಾರೆ, ಬಿಳಿಯರು ಅದರ ಹಿಂದೆ ಕಳ್ಳರ ಹಾಗೆ ಬ್ರೆಡ್ಡು ತಿನ್ನುತ್ತಾರೆ. ಕೃಷ್ಣಮ್ಮ ಟೀಚರ ತಂಗಿಗೆ ಮೊದಲ ಪಾಠ ಇದೇ ಆಗಲಿ: ಈ ತಿಂಗಳಲ್ಲಿ ಬಂದರೆ ಹಗಲು ಹೊತ್ತು ಬೀದಿಯಲ್ಲಿ ನೀರೂ ಕುಡಿಯಕೂಡದು.

ಕೋಣೆಯ ವಿಷಯ ಕೇಳಿದೆಯಲ್ಲ. ಒಂದು ಗಂಡು ಒಂದು ಹೆಣ್ಣು ಬಂದು ಒಂದೇ ಕೋಣೆ ಕೇಳಿದರೆ ನಾನು ಮೊದಲು ನಗಬೇಕು, ಆಮೇಲೆ ಪಾಸ್‌ಪೋರ್ಟು ಕೇಳಬೇಕು, ಆಮೇಲೆ ನಗು ನಿಲ್ಲಿಸಿ ಮದುವೆಯ ಸರ್ಟಿಫಿಕೇಟು ಕೇಳಬೇಕು. ಬಿಳಿಯರಿಗೆ ಅಷ್ಟು ಜೋರಿಲ್ಲ, ಇಬ್ಬರ ಮನೆತನದ ಹೆಸರೂ ಒಂದೇ ಇದ್ದರೆ ಮ್ಯಾನೇಜರ್ ಸುಮ್ಮನಾಗುತ್ತಾನೆ. ತಾಪತ್ರಯವೆಲ್ಲ ನಮ್ಮ ಕಡೆಯವರದು. ನಮ್ಮಲ್ಲಿ ಮನೆತನದ ಹೆಸರು ಎಲ್ಲಿದೆ? ಗಂಡನಿಗೆ ಅವನ ಅಪ್ಪನ ಇನಿಷಿಯಲ್ಲು, ಹೆಂಡತಿಗೆ ಅವಳ ಅಪ್ಪನ ಇನಿಷಿಯಲ್ಲು. ಪಾಸ್‌ಪೋರ್ಟು ನೋಡಿದರೆ ಬಸ್ ಸ್ಟ್ಯಾಂಡಿನಲ್ಲಿ ಈಗಷ್ಟೇ ಭೇಟಿಯಾದವರಂತೆ ಕಾಣುತ್ತಾರೆ.

ಹೋದ ತಿಂಗಳು ದಾವಣಗೆರೆಯ ಒಂದು ಜೋಡಿ ಬಂದಿತ್ತು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವರು, ಒಂದು ಚೂರು ದಾಖಲೆ ಇಲ್ಲ. ಆಯಮ್ಮ ತಾಳಿಯನ್ನು ಹೊರಗೆಳೆದು ಮ್ಯಾನೇಜರನ ಮೂಗಿನ ಹತ್ತಿರ ಹಿಡಿದು, "ಇದಕ್ಕಿಂತ ಇನ್ನೇನ್ ಬೇಕ್ರಿ ನಿಮಗ?" ಎಂದು ಜಗಳಕ್ಕೆ ನಿಂತರು. ಏನಿದು ಎಂದು ಅವನು ನನ್ನನ್ನು ಕೇಳಿದ. ಇದೇ ಸಾರ್ ಸರ್ಟಿಫಿಕೇಟು, ನಮ್ಮ ದೇಶದಲ್ಲಿ ಚಿನ್ನದಲ್ಲಿ ಮಾಡಿಸುತ್ತಾರೆ ಎಂದೆ. ಅವನು ನಗಲಿಲ್ಲ. ಎರಡು ಕೋಣೆ ಕೊಟ್ಟೆವು. ಮಾರನೆಯ ದಿನ ತಿಂಡಿಗೆ ಬಂದಾಗ ಇಬ್ಬರೂ ಹೊಸದಾಗಿ ಮದುವೆ ಗೊತ್ತಾದವರ ಹಾಗೆ ನಾಚಿಕೊಂಡಿದ್ದರು.

ನನಗಂತೂ ಈಗ ದಾಖಲೆಯೇ ಬೇಡ, ನೋಡಿದರೆ ತಿಳಿಯುತ್ತದೆ. ಮದುವೆಯಾದವನು ಪೆಟ್ಟಿಗೆ ಹೆಂಡತಿಯ ಕೈಗೆ ಕೊಟ್ಟು ತಾನು ಲಿಫ್ಟು ಹುಡುಕುತ್ತಾನೆ. ಆಗದವರು ಒಂದೇ ಪೆಟ್ಟಿಗೆಯನ್ನು ಇಬ್ಬರೂ ಹಿಡಿದಿರುತ್ತಾರೆ. ಅಂಥವರನ್ನು ಹಿಡಿದರೆ ಮ್ಯಾನೇಜರ್ ನನ್ನ ಬೆನ್ನು ತಟ್ಟುತ್ತಾನೆ. ನಮ್ಮ ರಿಜಿಸ್ಟರು ದಿನಾ ಪೊಲೀಸರ ಕಣ್ಣಿಗೆ ಬೀಳುತ್ತದೆ, ಆದ್ದರಿಂದ ಅವನಿಗೂ ಭಯ. ಬೀದಿಯಲ್ಲಿ ಜೊತೆಯಾಗಿ ನಡೆಯಬಹುದು, ಕೈ ಹಿಡಿಯಕೂಡದು. ಹೆಂಗಸರ ತೋಳು ಮುಚ್ಚಿರಬೇಕು. ಕೃಷ್ಣಮ್ಮ ಟೀಚರ ತಂಗಿಗೆ ನಂದಿಬೆಟ್ಟ ಸಾಕು ಎಂದು ಹೇಳಿಬಿಡು.

ಅಮ್ಮಿಯ ಮಂಡಿನೋವಿಗೆ ಎಣ್ಣೆ ಕಳಿಸುತ್ತಿದ್ದೇನೆ. ದಿನಾ ತಿಕ್ಕು.

ನಿನ್ನ ತಮ್ಮ,
ಜಿಯಾ


ಯಲಹಂಕ
20 ಸೆಪ್ಟೆಂಬರ್ 1981

ಜಿಯಾ,

ಕೃಷ್ಣಮ್ಮ ಟೀಚರಿಗೆ ದೊಡ್ಡಮ್ಮನೂ ಇಲ್ಲ, ದೊಡ್ಡಮ್ಮನ ಮಗಳೂ ಇಲ್ಲ. ಕೇಳಿದ್ದು ನಾನು, ನನಗಾಗಿ.

ಇಷ್ಟು ಬರೆಯಲು ಎರಡು ತಿಂಗಳು ಬೇಕಾಯಿತು. ಇನ್ನುಳಿದದ್ದನ್ನು ಒಂದೇ ಉಸಿರಿಗೆ ಬರೆದುಬಿಡುತ್ತೇನೆ. ಲಕ್ಕಣ್ಣ ಮೇಷ್ಟ್ರು. ಬಾಗಲೂರಿನವರು, ಎಸ್ಸೆಸ್ಸೆಲ್ಸಿಯಲ್ಲಿ ಸಂಜೆ ಹೊತ್ತು ನಿನ್ನನ್ನು ಕೂರಿಸಿಕೊಂಡು ಲೆಕ್ಕ ಹೇಳಿಕೊಟ್ಟವರು. ಅವರ ಹೆಂಡತಿ ಬಾಣಂತನದಲ್ಲಿ ತೀರಿಕೊಂಡ ಮೇಲೆ ಅವರು ಮತ್ತೆ ಮದುವೆಯಾಗಲಿಲ್ಲ. ನನ್ನದು ನಿನಗೇ ಗೊತ್ತು. ಅಬ್ಬಾ ಹೋದಾಗ ನನಗೆ ಇಪ್ಪತ್ತು, ನಿನಗೆ ಎಂಟು. ನೀನು ಓದಿ ಮುಗಿಸಲಿ ಎಂದು ನಾನು ತಡೆದೆ, ಮುಗಿಯುವ ಹೊತ್ತಿಗೆ ನನ್ನನ್ನು ಕೇಳಿಕೊಂಡು ಬರುವವರು ನಿಂತುಹೋಗಿದ್ದರು.

ಹತ್ತು ವರ್ಷದಿಂದ ನಾವಿಬ್ಬರೂ ಸ್ಟಾಫ್ ರೂಮಿನಲ್ಲಿ ಎದುರುಬದುರು ಕೂರುತ್ತೇವೆ, ಬಾಗಿಲು ತೆರೆದಿಟ್ಟುಕೊಂಡು. ಅವರು ನನ್ನನ್ನು ಟೀಚರ್ ಅನ್ನುತ್ತಾರೆ, ನಾನು ಮೇಷ್ಟ್ರೇ ಅನ್ನುತ್ತೇನೆ. ಬುತ್ತಿ ಬಿಚ್ಚುವಾಗ ಯಾರಾದರೂ ಬಂದರೆ ಅವರು ತಮ್ಮ ಡಬ್ಬಿ ತೆಗೆದುಕೊಂಡು ಕಿಟಕಿಯ ಹತ್ತಿರ ಹೋಗಿಬಿಡುತ್ತಾರೆ. ಹತ್ತು ವರ್ಷದಲ್ಲಿ ಒಂದೇ ಒಂದು ಊಟವನ್ನೂ ನಾವು ಒಟ್ಟಿಗೆ ಕೂತು ಮುಗಿಸಿಲ್ಲ, ನಂಬುತ್ತೀಯಾ?

ಮದುವೆಯಾಗಿ ಎಂದು ನೀನು ಹೇಳಬಹುದು. ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಕೊಟ್ಟರೆ ಇಬ್ಬರ ಹೆಸರನ್ನೂ ಮೂವತ್ತು ದಿನ ಬೋರ್ಡಿಗೆ ಅಂಟಿಸುತ್ತಾರೆ. ಸುದ್ದಿ ಇಲ್ಲಿಗೆ ಬರಲು ಮೂವತ್ತು ನಿಮಿಷ ಸಾಕು. ಅಮ್ಮಿ ಉಳಿಯುವುದಿಲ್ಲ. ಬಾಗಲೂರಿನಲ್ಲಿ ಮೇಷ್ಟ್ರ ತಾಯಿ ಮುನಿವೆಂಕಟಮ್ಮನೂ ಉಳಿಯುವುದಿಲ್ಲ. ನಾಲ್ಕು ವರ್ಷದ ಹಿಂದೆ ಮೈಸೂರಿನಲ್ಲಿ ಟ್ರೇನಿಂಗ್ ಮುಗಿದ ಮೇಲೆ ಒಂದು ಲಾಡ್ಜಿಗೆ ಹೋಗಿದ್ದೆವು. ಗುಮಾಸ್ತ ರಿಜಿಸ್ಟರಿನಲ್ಲಿ ಲಕ್ಕಣ್ಣ ಎಂದು ಬರೆದುಕೊಂಡ, ಜಹೀರಾ ಎಂದಾಗ ಪೆನ್ನು ಕೆಳಗಿಟ್ಟ. ಮುಂದಿನ ಬಸ್ಸಿಗೇ ವಾಪಸು ಬಂದೆವು.

ಅದಕ್ಕೇ ನಿಮ್ಮ ದೇಶ. ಲಕ್ಕಣ್ಣ ಅನ್ನುವ ಹೆಸರು ಯಾವ ಜಾತಿಯದು ಎಂದು ಅಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ನಾಲ್ಕು ದಿನ ಸಾಕು ಜಿಯಾ. ನನ್ನನ್ನು ಯಾರೂ ಟೀಚರ್ ಎಂದು ಕರೆಯದ ನಾಲ್ಕು ದಿನ. ನಾನು ತಮ್ಮನನ್ನು ನೋಡಲು ಹೋಗಿದ್ದೇನೆ ಎಂದು ಅಮ್ಮಿ ತಿಳಿದಿರುತ್ತಾರೆ, ಮೇಷ್ಟ್ರು ಕಾಶಿಗೆ ಹೋಗಿದ್ದಾರೆ ಎಂದು ಅವರ ಮನೆಯವರು ತಿಳಿದಿರುತ್ತಾರೆ. ಖರ್ಚಿನ ಯೋಚನೆ ನಿನಗೆ ಬೇಡ. ಕೌಂಟರಿನಲ್ಲಿ ನೀನಿರುವ ದಿನ ನಾವು ಬಂದರೆ, ಕೋಣೆ ಕೊಡುತ್ತೀಯಾ?

ಆಪಾ


ದುಬೈ
11 ಜನವರಿ 1982

ಜಹೀರಾ ಬೇಗಂ ಅವರಿಗೆ,

ತಾವು ಕೇಳಿದ ವಿಷಯಕ್ಕೆ ಉತ್ತರ. ನಮ್ಮ ಹೋಟೆಲಿನಲ್ಲಿ ಗಂಡಸು ಮತ್ತು ಹೆಂಗಸು ಒಂದೇ ಕೋಣೆಯಲ್ಲಿ ತಂಗಲು ಮದುವೆಯ ದಾಖಲೆ ಕಡ್ಡಾಯ. ದಾಖಲೆ ಇಲ್ಲದವರಿಗೆ ಎರಡು ಕೋಣೆ ಕೊಡಲಾಗುವುದು. ಹೆಂಗಸರಿಗೆ ಮೂರನೇ ಮಹಡಿ, ಗಂಡಸರಿಗೆ ಐದನೇ ಮಹಡಿ. ಒಬ್ಬರ ಕೋಣೆಗೆ ಇನ್ನೊಬ್ಬರು ಹೋಗಕೂಡದು. ಪ್ರತಿ ಮಹಡಿಯಲ್ಲೂ ನೋಡಿಕೊಳ್ಳಲು ಆಳಿರುತ್ತಾನೆ.

ವೀಸಾ ಅರ್ಜಿಯಲ್ಲಿ ಧರ್ಮ ಯಾವುದೆಂದು ಬರೆಯಬೇಕು, ಆದ್ದರಿಂದ ಹೆಸರು ಯಾರಿಗೂ ತಿಳಿಯುವುದಿಲ್ಲ ಎಂಬುದು ಸುಳ್ಳು. ಮುಸಲ್ಮಾನ ಹೆಂಗಸು ಬೇರೆ ಧರ್ಮದವನನ್ನು ರಿಜಿಸ್ಟ್ರಾರ್ ಮುಂದೆ ಮದುವೆಯಾಗಿ ಸರ್ಟಿಫಿಕೇಟು ತಂದರೂ ಈ ದೇಶದಲ್ಲಿ ಅದಕ್ಕೆ ಬೆಲೆಯಿಲ್ಲ. ಸಿಕ್ಕಿಬಿದ್ದರೆ ಜೈಲು, ಆಮೇಲೆ ಊರಿಗೆ ವಾಪಸು. ಕೌಂಟರಿನಲ್ಲಿ ಯಾರೇ ಇದ್ದರೂ ಉತ್ತರ ಇದೇ.

ಇಂತಿ,
ಜಿಯಾವುಲ್ಲಾ, ರಿಸೆಪ್ಷನಿಸ್ಟ್

ಅಮ್ಮಿಗೆ ಗೊತ್ತಾ? ನನ್ನನ್ನು ಸಾಕಿದವಳು ನೀನೇನಾ?


ಯಲಹಂಕ
7 ಫೆಬ್ರವರಿ 1982

ಜಿಯಾ,

ಬೇಗಂ ಅಂತೆ ಬೇಗಂ. ನಿನ್ನ ತಲೆಯ ಹೇನು ಬಾಚಿದವಳು ನಾನು. ಏಳನೇ ಕ್ಲಾಸಿನವರೆಗೂ ಗುಡುಗಿಗೆ ಹೆದರಿ ನನ್ನ ದುಪಟ್ಟಾದೊಳಗೆ ತಲೆ ತೂರಿಸುತ್ತಿದ್ದವನು ನೀನು. ನಿನ್ನನ್ನು ಸಾಕಿದವಳು ನಾನೇ ಕಣೋ, ಇನ್ಯಾರೂ ಅಲ್ಲ.

ನಾಲ್ಕು ತಿಂಗಳು ಕಾದು ಆ ಕಾಗದ ಒಡೆದೆ. ಎಷ್ಟು ಅತ್ತೆ ಎಂದು ಬರೆಯುವುದಿಲ್ಲ. ಲಕ್ಕಣ್ಣ ಮೇಷ್ಟ್ರಿಗೆ ತೋರಿಸಲಿಲ್ಲ, ಮಹಡಿಗಳ ವಿಷಯ ಮಾತ್ರ ಹೇಳಿದೆ. ಅವರು ಬೀಡಿ ಆರಿಸಿದರು. "ಎಲ್ಡ್ ಮಹಡಿ ತಾನೇ ಟೀಚರ್? ಬಾಗಲೂರಿಗೂ ಯಲಹಂಕಕ್ಕೂ ಇರೋ ದೂರಕ್ಕಿಂತ ಕಮ್ಮೀನೇ ಬಿಡಿ" ಎಂದರು. ನನಗೆ ನಗು ಬಂತು, ಆ ವಾರದಲ್ಲಿ ಮೊದಲ ಸಲ.

ಆದ್ದರಿಂದ ನಿಮ್ಮ ಹೋಟೆಲಿನ ನಿಯಮಗಳೆಲ್ಲ ನಮಗೆ ಒಪ್ಪಿಗೆ. ನನಗೆ ಮೂರನೇ ಮಹಡಿ, ಅವರಿಗೆ ಐದನೇ ಮಹಡಿ. ಅವರ ಕೋಣೆಯ ಬಾಗಿಲು ಯಾವ ಬಣ್ಣ ಎಂದೂ ನಾನು ನೋಡುವುದಿಲ್ಲ. ಕೆಳಗೆ ಊಟದ ಹಾಲಿದೆ ಎಂದು ನೀನೇ ಬರೆದಿದ್ದೆ. ಮೂರು ಹೊತ್ತೂ ಒಂದೇ ಮೇಜಿಗೆ ಕೂತು ಊಟ ಮಾಡಿದರೆ ಯಾವ ಪೊಲೀಸನೂ ಬೇಡ ಎನ್ನುವುದಿಲ್ಲ ತಾನೇ? ನನಗೆ ಅಷ್ಟಾದರೂ ಬೇಕು. ಅವರು ತಟ್ಟೆ ಎತ್ತಿಕೊಂಡು ಕಿಟಕಿಯ ಹತ್ತಿರ ಹೋಗಬಾರದು, ಅಷ್ಟೆ.

ಇಬ್ಬರ ಪಾಸ್‌ಪೋರ್ಟೂ ಕೈಗೆ ಬಂದಿದೆ. ಬೇಸಿಗೆ ರಜೆ ಏಪ್ರಿಲ್ ಕೊನೆಗೆ ಶುರುವಾಗುತ್ತದೆ. ಎರಡು ವೀಸಾ ಅರ್ಜಿ ಕಳಿಸು. ನಿನ್ನ ಕೋಪ ನಿನ್ನ ಹತ್ತಿರವೇ ಇರಲಿ, ಅರ್ಜಿ ಮಾತ್ರ ಕಳಿಸು.

ನಿನ್ನನ್ನು ಸಾಕಿದವಳು,
ಆಪಾ


ಯಲಹಂಕ
18 ಏಪ್ರಿಲ್ 1982

ಜಿಯಾ,

ಅರ್ಜಿ ಬರಲಿಲ್ಲ. ಅದರ ಬದಲು ಮೊನ್ನೆ ಶುಕ್ರವಾರ ಅಮ್ಮಿಗೆ ನಿನ್ನ ಉರ್ದು ಕಾಗದ ಬಂತು. ಅದರಲ್ಲಿ ನೀನು ಏನು ಬರೆದಿದ್ದೀಯ ಎಂದು ನಿನಗೆ ಗೊತ್ತು. ಆಪಾ ಒಬ್ಬ ಹಿಂದೂ ಮೇಷ್ಟ್ರ ಜೊತೆ ಹೋಟೆಲಿಗೆ ಬರಲು ಹೊರಟಿದ್ದಾಳೆ, ಅವಳನ್ನು ಮನೆಯಿಂದ ಹೊರಗೆ ಬಿಡಬೇಡಿ, ಅವಳ ಪಾಸ್‌ಪೋರ್ಟು ಕಿತ್ತು ಒಲೆಗೆ ಹಾಕಿ.

ಈ ಮನೆಯಲ್ಲಿ ಕಾಗದ ಓದುವವರು ಯಾರು ಎಂದು ಮರೆತೆಯಾ? ಅಥವಾ ಗೊತ್ತಿದ್ದೇ ಬರೆದೆಯಾ? ನನ್ನ ಬಾಯಿಂದಲೇ ಓದಿಸಬೇಕು ಎಂದಿತ್ತಾ?

ಅಮ್ಮಿ ನಮಾಜು ಮುಗಿಸಿ ಮಂಚದ ಮೇಲೆ ಕೂತು ಸೆರಗು ಸರಿಮಾಡಿಕೊಂಡರು. ನಿನ್ನ ಕಾಗದ ಬಂದಾಗ ಅವರು ತಯಾರಾಗುವುದೇ ಹಾಗೆ, ನೀನೇ ಬಂದು ಎದುರು ಕೂತಂತೆ. ನಾನು ಒಡೆದು ಕಣ್ಣಾಡಿಸಿದೆ. "ಕ್ಯಾ ಲಿಖ್ಯಾ?" ಎಂದರು. ಏನು ಬರೆದಿದ್ದಾನೆ, ಯಾಕೆ ಸುಮ್ಮನಿದ್ದೀಯ. ನಾನು ಓದತೊಡಗಿದೆ. ನೀನು ಬರೆದದ್ದನ್ನಲ್ಲ. ಇಪ್ಪತ್ತು ವರ್ಷದಲ್ಲಿ ಅಮ್ಮಿಗೆ ನಾನು ಒಂದಕ್ಷರವನ್ನೂ ತಪ್ಪಾಗಿ ಓದಿದವಳಲ್ಲ, ಮೊನ್ನೆ ಇಡೀ ಕಾಗದವನ್ನೇ ಕಟ್ಟಿ ಹೇಳಿದೆ. ಬಿಸಿಲು ಜೋರಾಗಿದೆ ಎಂದೆ. ನಿನಗೆ ಹೊಸ ಯೂನಿಫಾರಂ ಕೊಟ್ಟಿದ್ದಾರೆ ಎಂದೆ. ಕೆಮ್ಮು ಬಂದು ಹೋಯಿತು ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು, ಆದರೆ ನಾಲಿಗೆ ತಾನಾಗಿ ಮುಂದೆ ಹೋಯಿತು. "ಆಪಾ ಹೇಗಿದ್ದಾಳೆ? ಹೊಟ್ಟೆ ತುಂಬಾ ಉಣ್ಣುತ್ತಾಳಾ? ಖುಷಿಯಾಗಿದ್ದಾಳಾ?"

ಹೇಳಿದ ಮೇಲೆ ನನಗೇ ಹೊಳೆಯಿತು ಜಿಯಾ. ಮೂರು ವರ್ಷದಲ್ಲಿ ನೀನು ಯಾವ ಕಾಗದದಲ್ಲೂ ಅದನ್ನು ಕೇಳಿಲ್ಲ. ಎಲ್ಲವನ್ನೂ ಜೋಪಾನವಾಗಿ ಇಟ್ಟಿದ್ದೇನೆ, ತೆಗೆದು ನೋಡಿದೆ. ಅಮ್ಮಿಯ ಮಂಡಿ ಇದೆ, ಹಬೀಬುಲ್ಲಾ ಮಾಮುವಿನ ಮೇಕೆ ಇದೆ. ನಾನಿಲ್ಲ.

ಅಮ್ಮಿಗೆ ಎಷ್ಟು ಸಂತೋಷವಾಯಿತೆಂದರೆ ಮತ್ತೆ ಮತ್ತೆ ಓದಿಸಿದರು. ಇಲ್ಲದ್ದನ್ನು ಮೂರು ಸಲ ಒಂದೇ ಥರ ಹೇಳುವುದು ಎಷ್ಟು ಕಷ್ಟ ಎಂದು ನಿನಗೆ ಗೊತ್ತಿಲ್ಲ. ಎರಡನೆಯ ಸಲ ಕೆಮ್ಮು ಮೊದಲು ಬಂತು, ಮೂರನೆಯ ಸಲ ಯೂನಿಫಾರಂ ಬಿಟ್ಟೇಹೋಯಿತು. ಅಮ್ಮಿ ಏನೂ ಹೇಳಲಿಲ್ಲ. ಅವರು ಹೇಳಿ ಬರೆಸಿದ ಉತ್ತರವನ್ನು ಇದರ ಜೊತೆಗೆ ಇಟ್ಟಿದ್ದೇನೆ. ನೀನು ಬರೆಯದ ಕಾಗದಕ್ಕೆ ಅದು ಉತ್ತರ. ಓದಿಕೋ.

ನಿನ್ನೆ ಶಾಲೆಯಲ್ಲಿ ಲಕ್ಕಣ್ಣ ಮೇಷ್ಟ್ರಿಗೆ ಬೇಡ ಎಂದುಬಿಟ್ಟೆ. ಇನ್ನೊಂದು ಸುಳ್ಳು ಹೇಳುವ ಶಕ್ತಿ ನನಗಿಲ್ಲ.

ಜಹೀರಾ


ದುಬೈ
9 ಮೇ 1982

ಆಪಾ,

ಶಾಲೆಗೆ ರಜೆ ಇರುವುದರಿಂದ ಇದನ್ನು ಮನೆಯ ವಿಳಾಸಕ್ಕೇ ಕಳಿಸುತ್ತಿದ್ದೇನೆ. ಕನ್ನಡವಾದ್ದರಿಂದ ಮಾಮುವಿನ ಭಯವಿಲ್ಲ.

ಅಮ್ಮಿಯ ಕಾಗದ ಓದಿದೆ. "ಬೇಟಾ, ನೀನು ಆಪಾನ ಬಗ್ಗೆ ಕೇಳಿದೆಯಲ್ಲ, ನನ್ನ ಎದೆ ತಣ್ಣಗಾಯಿತು. ನಾನು ಹೋದ ಮೇಲೆ ಅವಳಿಗೆ ಯಾರು ಎಂದು ಯೋಚನೆಯಿತ್ತು. ಈಗ ಇಲ್ಲ." ನಿನ್ನ ದುಂಡು ಅಕ್ಷರದಲ್ಲಿ ಅದನ್ನು ನೋಡಿ ನಾನು ಕೌಂಟರಿನಲ್ಲಿ ನಿಲ್ಲಲಾರದೆ ಸ್ಟೋರ್ ರೂಮಿಗೆ ಹೋದೆ. ಹಾಗೆ ಬರೆಯುವಾಗ ನಿನ್ನ ಕೈ ಹೇಗೆ ಓಡಿತು ಆಪಾ?

ಯಾರು ಓದುತ್ತಾರೆ ಎಂದು ನಾನು ಯೋಚಿಸಲೇ ಇಲ್ಲ. ಇದು ನಿಜ. ಕೋಪದಲ್ಲಿ ಅಮ್ಮಿಗೆ ಬರೆದೆ, ಅಮ್ಮಿಗೆ ತಲುಪುತ್ತದೆ ಎಂದುಕೊಂಡೆ. ಮಧ್ಯೆ ನೀನಿದ್ದೀಯ ಎನ್ನುವುದೇ ನನಗೆ ಹೊಳೆಯಲಿಲ್ಲ. ಯಾವಾಗಲೂ ಹೊಳೆದಿಲ್ಲ ಅನ್ನಿಸುತ್ತದೆ.

ಇನ್ನೊಂದು ನಿಜ ಹೇಳುತ್ತೇನೆ, ಬೈಯಬೇಡ. ಇಲ್ಲಿ ಒಂದು ಕೋಣೆಯಲ್ಲಿ ಎಂಟು ಜನ ಮಲಗುತ್ತೇವೆ. ಮೂರು ವರ್ಷದಲ್ಲಿ ಒಬ್ಬರೂ ನನ್ನ ಹಣೆ ಮುಟ್ಟಿ ಜ್ವರ ಇದೆಯಾ ಎಂದು ನೋಡಿಲ್ಲ. ಜೋಡಿಗಳು ಬಂದು ಒಂದು ಕೋಣೆ ಕೇಳಿದಾಗ, ಇಲ್ಲ ಎನ್ನಲು ನನಗೆ ಖುಷಿಯಾಗುತ್ತಿತ್ತು. ನನಗಿಲ್ಲದ್ದು ಇವರಿಗೆ ಯಾಕೆ ಎಂದು. ನಿನಗೂ ಅದನ್ನೇ ಮಾಡಿದೆ.

ಶಾರ್ಜಾದಲ್ಲಿ ನನ್ನ ಸ್ನೇಹಿತ, ಮಲಬಾರಿನವನು, ಹೆಂಡತಿ ಸಮೇತ ಊರಿಗೆ ಹೋಗುತ್ತಿದ್ದಾನೆ. ಎರಡು ತಿಂಗಳು ಅವನ ಮನೆಯ ಬೀಗದ ಕೈ ನನ್ನ ಹತ್ತಿರ ಇರುತ್ತದೆ. ಅಲ್ಲಿ ಕೌಂಟರಿಲ್ಲ, ರಿಜಿಸ್ಟರಿಲ್ಲ. ಒಂದು ಅಡುಗೆಮನೆ, ಒಂದು ಮೇಜು, ನಾಲ್ಕು ಕುರ್ಚಿ ಇದೆ. ಎರಡು ಅರ್ಜಿಯನ್ನೂ ಇದರ ಜೊತೆಗೆ ಕಳಿಸಿದ್ದೇನೆ. ಲಕ್ಕಣ್ಣ ಸಾರ್ ಅವರನ್ನು ಕರೆದುಕೊಂಡು ಬಾ. ಅವರು ಲೆಕ್ಕ ಹೇಳಿಕೊಡದಿದ್ದರೆ ನಾನು ಪಾಸಾಗುತ್ತಿರಲಿಲ್ಲ. ಸಿಕ್ಕಿಬಿದ್ದರೆ ನನ್ನ ಕೆಲಸ ಹೋಗಲಿ.

ಹೇಗಿದ್ದೀಯ ಆಪಾ? ಹೊಟ್ಟೆ ತುಂಬಾ ಉಣ್ಣುತ್ತೀಯಾ?

ನೀನು ಸಾಕಿದ
ಜಿಯಾ


ಯಲಹಂಕ
1 ಆಗಸ್ಟ್ 1982

ಪ್ರೀತಿಯ ಜಿಯಾ,

ಈದ್ ಕಳೆದು ಒಂದು ವಾರವಾಯಿತು. ನೀನು ಕೇಳಿದ್ದಕ್ಕೆ ಉತ್ತರ ಬರೆಯಲು ಇಷ್ಟು ದಿನ ಹಿಡಿಯಿತು. ಚೆನ್ನಾಗಿದ್ದೇನೆ ಎಂದು ಬರೆದು ಎರಡು ಸಲ ಹರಿದು ಹಾಕಿದೆ. ಚೆನ್ನಾಗಿಲ್ಲ ಜಿಯಾ. ತುಂಬಾ ಒಂಟಿ ಅನ್ನಿಸುತ್ತದೆ. ಊಟ ಮಾಡುತ್ತೇನೆ, ಆದರೆ ಏನು ತಿಂದೆ ಎಂದು ಕೇಳಿದರೆ ನೆನಪಿರುವುದಿಲ್ಲ.

ಲಕ್ಕಣ್ಣ ಮೇಷ್ಟ್ರು ಇಲ್ಲಿಲ್ಲ. ಏಪ್ರಿಲ್‌ನಲ್ಲಿ ನಾನು ಬೇಡ ಎಂದ ವಾರವೇ ವರ್ಗಕ್ಕೆ ಅರ್ಜಿ ಹಾಕಿದರಂತೆ, ನನಗೆ ಹೇಳಲಿಲ್ಲ. ಜೂನ್‌ನಲ್ಲಿ ಗೌರಿಬಿದನೂರಿನ ಶಾಲೆಗೆ ಹೋದರು. ನಿನ್ನ ಎರಡು ಅರ್ಜಿ ಬ್ಯಾಗಿನಲ್ಲಿಟ್ಟುಕೊಂಡು ಒಂದು ಭಾನುವಾರ ಪ್ಯಾಸೆಂಜರ್ ರೈಲು ಹತ್ತಿದೆ. ಅವರಿರುವ ಕೋಣೆಯ ಮುಂದೆ ಜಗಲಿಯ ಮೇಲೆ ಕೂತು, ಬೀಗದ ಕೈ, ಮೇಜು, ಕುರ್ಚಿ ಎಲ್ಲವನ್ನೂ ಹೇಳಿದೆ. ಅವರು ಕೊನೆಯವರೆಗೂ ಕೇಳಿದರು.

"ಟೀಚರ್, ನಿಮ್ ತಮ್ಮ ಬ್ಯಾಡ ಅಂದ್ರೆ ನಿಲ್ಲಬೇಕು, ಬಾ ಅಂದ್ರೆ ಓಗಬೇಕು. ಅವತ್ತು ನೀವು ಬಾಗಿಲತ್ರ ನಿಂತ್ಕಂಡೇ ಬ್ಯಾಡ ಅಂದ್ರಿ, ನಾನು ಏನಂತೀನಿ ಅಂತ ಒಂದ್ ಮಾತು ಕೇಳ್ಲಿಲ್ಲ. ಇಂಗೆ ಅತ್ತು ವರ್ಸ ಆಯ್ತು. ನಂಗೆ ಸಾಕಾಯ್ತು ಟೀಚರ್. ಸಿಟ್ಟಿಲ್ಲ. ಸಾಕಾಯ್ತು, ಅಷ್ಟೇಯ."

ಅವರು ಹೇಳಿದ್ದು ಸರಿ. ನೀನು ನನ್ನನ್ನು ಕೇಳಲಿಲ್ಲ ಎಂದು ನಿನ್ನ ಮೇಲೆ ಹರಿಹಾಯ್ದೆನಲ್ಲ, ಅದೇ ವಾರ ಅವರಿಗೆ ನಾನೂ ಅದನ್ನೇ ಮಾಡಿದ್ದೆ. ಕಾಫಿ ತರಿಸುತ್ತೇನೆ ಎಂದರು, ರೈಲಿಗೆ ಹೊತ್ತಾಯಿತು ಎಂದು ಎದ್ದೆ. ಸ್ಟೇಷನ್ನಿನವರೆಗೂ ಬಂದು, ಹೆಂಗಸರ ಬೋಗಿ ಹುಡುಕಿಕೊಟ್ಟು ಹೋದರು.

ಇನ್ನು ಅಮ್ಮಿ. ನೀನು ಮೇ ತಿಂಗಳಲ್ಲಿ ಬರೆದದ್ದು ಮನೆಗೆ ಬಂತಲ್ಲ, ಅದು ಕನ್ನಡ ಎಂದು ಅವರಿಗೆ ಅಕ್ಷರದ ಆಕಾರ ನೋಡಿದ ಕೂಡಲೇ ಗೊತ್ತಾಗಿತ್ತು. ಅವತ್ತು ಕೇಳಲಿಲ್ಲ. ರಂಜಾನ್ ಕಳೆಯಲಿ ಎಂದು ಕಾದಿದ್ದರು. ಈದ್ ಆದ ಮಾರನೆಯ ದಿನ, ನೆಂಟರೆಲ್ಲ ಹೋದ ಮೇಲೆ, ಮಂಚದ ಮೇಲೆ ಕೂತು ಸೆರಗು ಸರಿಮಾಡಿಕೊಂಡು, ಆ ಕಾಗದ ತೆಗೆದುಕೊಂಡು ಬಾ ಎಂದರು. ನಾನು ತಂದೆ. ಇದ್ದದ್ದನ್ನು ಇದ್ದ ಹಾಗೆ ನಮ್ಮ ಮಾತಿನಲ್ಲಿ ಹೇಳುತ್ತಾ ಹೋದೆ. ಲಕ್ಕಣ್ಣ ಸಾರ್, ಕೋಣೆ, ಶಾರ್ಜಾದ ಮನೆ, ನೀನು ಕೋಪದಲ್ಲಿ ಬರೆದ ಕಾಗದ. ಇಪ್ಪತ್ತು ವರ್ಷ ಸರಿಯಾಗಿ ಓದಿದವಳು ಕೊನೆಗಾದರೂ ಸರಿಯಾಗಿ ಓದಬೇಕು ಅನ್ನಿಸಿತು.

ಅಮ್ಮಿ ಅಳಲಿಲ್ಲ, ಬೈಯಲಿಲ್ಲ. ಇನ್ನೊಂದು ಸಲ ಓದು ಎಂದೂ ಅನ್ನಲಿಲ್ಲ. ತಮ್ಮ ಮಂಡಿ ನೀವಿಕೊಂಡರು. ಆಮೇಲೆ, ಇನ್ನು ಮುಂದೆ ಜಿಯಾನ ಕಾಗದ ಹಬೀಬುಲ್ಲಾ ಓದಲಿ ಎಂದರು. ನಾನು ಹೂಂ ಎಂದೆ. ನನ್ನ ದನಿಯನ್ನು ಅವರು ಇನ್ನು ನಂಬಲಾರರು, ಅದರಲ್ಲಿ ತಪ್ಪೇನಿಲ್ಲ. ಅವರು ಹೇಳಿದ್ದು ಮೆಲ್ಲಗೇ, ಆದರೆ ನನ್ನ ಕೈಯಿಂದ ಮನೆಯ ಬೀಗದ ಕೈ ಕಿತ್ತುಕೊಂಡ ಹಾಗಾಯಿತು.

ನಾನು ಎದ್ದೆ. ಅಮ್ಮಿ ನನ್ನ ಕೈ ಹಿಡಿದು ಮತ್ತೆ ಕೂರಿಸಿದರು. ಅವತ್ತು ನೀನು ಓದಿದ ಖತ್ ಮೂರು ಸಲಕ್ಕೆ ಮೂರು ಥರ ಇತ್ತು, ನನಗೆ ಆಗಲೇ ಅನುಮಾನ ಬಂತು ಎಂದರು. ಕೆಮ್ಮು ಒಂದು ಸಲ ಹಿಂದೆ, ಒಂದು ಸಲ ಮುಂದೆ. ಆದರೆ ನಿನ್ನ ವಿಷಯ ಕೇಳಿದ್ದು ಮೂರು ಸಲವೂ ಒಂದೇ ಥರ ಇತ್ತು, ಒಂದು ಮಾತೂ ಆಚೀಚೆ ಆಗಲಿಲ್ಲ. ಉಳಿದದ್ದೆಲ್ಲ ನೀನು ಕಟ್ಟಿದ್ದಾಗಿರಲಿ. ಅದನ್ನು ಮಾತ್ರ ಅವನೇ ಬರೆದಿದ್ದ, ಅಲ್ಲವಾ?

ನನ್ನ ಮುಖವನ್ನೇ ನೋಡುತ್ತಿದ್ದರು ಜಿಯಾ. ಹೌದು ಅಮ್ಮಿ, ಅದು ಇತ್ತು ಎಂದೆ.

ಅವರ ಕೈ ಸಡಿಲವಾಯಿತು. ಅಷ್ಟು ಸಾಕು ಎನ್ನುವಂತೆ ತಲೆಯಾಡಿಸಿ ಮಲಗಿಕೊಂಡರು.

ಅರ್ಜಿಗಳನ್ನು ವಾಪಸು ಕಳಿಸುತ್ತಿದ್ದೇನೆ, ಬೇರೆ ಯಾರಿಗಾದರೂ ಉಪಯೋಗವಾಗಲಿ. ನನಗೆ ನೀನು ಕನ್ನಡದಲ್ಲಿ ಬರೆಯುತ್ತಿರು, ತಪ್ಪಿದ್ದರೂ ತಿದ್ದುವುದಿಲ್ಲ. ಒಂದೇ ಒಂದು ಕೇಳಿಕೊಳ್ಳುತ್ತೇನೆ. ಅಮ್ಮಿಗೆ ಉರ್ದುವಿನಲ್ಲಿ ಬರೆಯುವಾಗ ಎಲ್ಲಾದರೂ ಒಂದು ಸಾಲು ನನ್ನನ್ನೂ ಕೇಳು. ಇನ್ನು ಓದುವವರು ಹಬೀಬುಲ್ಲಾ ಮಾಮು, ನಾನು ಸೇರಿಸಿ ಹೇಳಲು ಆಗುವುದಿಲ್ಲ.

ನಿನ್ನ ಆಪಾ,
ಜಹೀರಾ